ರಾತ್ರಿ ದೋಣಿಗೆ ಎಂಥ ದೀಪ ಬೇಕು?

ಹಿನ್ನೀರಿನ ಅಂಚಿನಲ್ಲಿಯೂ ಹೊಳೆಯ ಆಚೆ ದಡದಲ್ಲಿಯೂ ತೋಟವಿರುವ ಬೆಳೆಗಾರರಿಗೆ ದೋಣಿಯೆಂಬುದು ವಿಹಾರದ ವಸ್ತುವಲ್ಲ. ಸೈಕಲ್ಲು, ಜೀಪುಗಳಂತೆ ಅದೂ ಒಂದು ದಿನಬಳಕೆಯ ಸಾಧನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯಲ್ಲಿ ನೀರು ನಿಂತ ಮೇಲೆ ಎಷ್ಟೋ ಮನೆಗಳಿಗೆ ಪೇಟೆಯ ದಾರಿ ನೀರಿನ ಮೇಲಿನದೇ ಆಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುದರಿಂದ ತುಮರಿ ಕಡೆಯವರಿಗೆ ಲಾಂಚಿನ ವೇಳೆ ಕಾಯುವ ಕಷ್ಟ ತಪ್ಪಿತು, ನಿಜ. ಆದರೆ ಹಿನ್ನೀರು ಬೆರಳುಗಳಂತೆ ಚಾಚಿಕೊಂಡಿರುವ ಒಳಭಾಗಗಳಲ್ಲಿ ಸಣ್ಣ ದೋಣಿಯೂ ತೆಪ್ಪವೂ ಇನ್ನೂ ಕೆಲಸದಲ್ಲಿವೆ. ಘಟ್ಟದ ಕೆಳಗೆ ನೇತ್ರಾವತಿಯ ಪಾವೂರು ಉಳಿಯದಂಥ ಕುದ್ರುಗಳ ಜನರೂ ದೋಣಿಯನ್ನೇ ನಂಬಿ ಬಾಳಿದವರು.

ಹಗಲು ದಾಟುವುದು ಬೇರೆ, ರಾತ್ರಿ ದಾಟುವುದು ಬೇರೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವ ಕೆಲಸ ಮುಗಿಯುವಾಗ ಹೊತ್ತು ಮೀರಿರುತ್ತದೆ. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಬಸುರಿಗೆ ನೋವು ಕಾಣಿಸಿಕೊಂಡರೆ ಬೆಳಗಾಗುವ ತನಕ ಕಾಯುವುದಕ್ಕಾಗುವುದಿಲ್ಲ. ಆಗ ಕೈಗೆ ಸಿಕ್ಕಿದ ಟಾರ್ಚು ಹಿಡಿದು ದೋಣಿ ಬಿಡುವುದು ರೂಢಿ. ಈಚೆಗೆ ಅಂಗಡಿಗಳಲ್ಲಿ ಬಗೆಬಗೆಯ ಎಲ್‌ಇಡಿ ದೀಪಗಳು ಬಂದಿರುವುದರಿಂದ, ಹೆಚ್ಚು ಪ್ರಖರವಾದುದನ್ನು ಕೊಂಡರೆ ಹೆಚ್ಚು ಸುರಕ್ಷಿತ ಎಂಬ ಅಭಿಪ್ರಾಯ ಬಲವಾಗಿದೆ. ಇದು ಅರ್ಧ ಸತ್ಯವೂ ಅಲ್ಲ. ದೋಣಿಯ ಮೇಲೆ ದೀಪಕ್ಕೆ ಮೂರು ಕೆಲಸಗಳುಂಟು: ನಾವು ಇತರರಿಗೆ ಕಾಣುವುದು, ನಮಗೆ ದಾರಿ ಕಾಣುವುದು, ನೀರಿಗೆ ಬಿದ್ದವನು ಹುಡುಕುವವರಿಗೆ ಕಾಣುವುದು. ಈ ಮೂರನ್ನೂ ಒಂದೇ ದೀಪದಿಂದ ಮಾಡಿಸಹೊರಟರೆ ಮೂರೂ ಕೆಡುತ್ತವೆ. ಕೊಳ್ಳುವ ಮೊದಲು ಯಾವ ಕೆಲಸಕ್ಕೆ ಯಾವುದು ಎಂದು ನಿಶ್ಚಯಿಸಿಕೊಳ್ಳಬೇಕು.

ಕಾಣುವ ದೀಪ

ಹುಟ್ಟು ಹಾಕುವ ದೋಣಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಆದರೆ ನಮ್ಮಲ್ಲಿ ಹೆಚ್ಚಿನವರು ಲಕ್ಷ್ಯ ಕೊಡದಿರುವುದೂ ಇದಕ್ಕೇ. "ನಮ್ಮ ಅಜ್ಜನ ಕಾಲದಿಂದಲೂ ಕತ್ತಲೆಯಲ್ಲೇ ದಾಟಿದ್ದೇವೆ" ಎನ್ನುವ ಮಾತನ್ನು ಹಿರಿಯರ ಬಾಯಲ್ಲಿ ಕೇಳುತ್ತೇವೆ. ಅಜ್ಜನ ಕಾಲಕ್ಕೆ ಅದು ಸರಿಯೇ. ಆಗ ಹೊಳೆಯಲ್ಲಿ ಇದ್ದದ್ದೆಲ್ಲ ಹುಟ್ಟಿನ ದೋಣಿಗಳು. ಎರಡು ಢಿಕ್ಕಿಯಾದರೂ ಬೈದಾಡಿಕೊಂಡು ಮುಂದೆ ಹೋಗಬಹುದಿತ್ತು. ಈಗ ಮೀನಿನವರಲ್ಲಿಯೂ ಮರಳಿನವರಲ್ಲಿಯೂ ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗುವವರಲ್ಲಿಯೂ ಯಂತ್ರದ ದೋಣಿಗಳಿವೆ. ಯಂತ್ರದ ಸದ್ದಿನಲ್ಲಿ ಅವರಿಗೆ ನಮ್ಮ ಕೂಗು ಕೇಳಿಸದು.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬರುವ ಯಂತ್ರದೋಣಿ ಒಂದು ಸೆಕೆಂಡಿಗೆ ಐದೂವರೆ ಮೀಟರು ದಾಟುತ್ತದೆ. ದೀಪವಿಲ್ಲದ ನಮ್ಮ ದೋಣಿ ಅವರಿಗೆ 30 ಮೀಟರು ಹತ್ತಿರವಾದ ಮೇಲೆ ಕಂಡಿತೆನ್ನಿ, ತಪ್ಪಿಸಿಕೊಳ್ಳಲು ಇಬ್ಬರಿಗೂ ಸಿಗುವುದು ಐದಾರು ಸೆಕೆಂಡು. ಹುಟ್ಟು ಎಳೆದು ದೋಣಿಯ ಮೂತಿ ತಿರುಗಿಸುವುದಕ್ಕೇ ಅಷ್ಟು ಬೇಕು. ಅದೇ ಒಂದು ಕಿ.ಮೀ. ದೂರದಿಂದ ಕಾಣುವ ಸಣ್ಣ ದೀಪವಿದ್ದರೆ ಮೂರು ನಿಮಿಷ ಸಿಗುತ್ತದೆ.

ಒಂದು ಕಿ.ಮೀ. ದೂರ ಕಾಣಬೇಕಾದರೆ ದೀಪ ಎಷ್ಟು ದೊಡ್ಡದಿರಬೇಕು? ಇಲ್ಲಿಯೇ ಅನೇಕರಿಗೆ ಆಶ್ಚರ್ಯವಾಗುವುದು. 1972ರಲ್ಲಿ ರೂಪಿತವಾಗಿ 1977ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನೌಕಾ ನಿಯಮಗಳಲ್ಲಿ ಇದರ ಲೆಕ್ಕ ಕೊಟ್ಟಿದೆ. ನಿರ್ಮಲವಾದ ರಾತ್ರಿಯಲ್ಲಿ ಒಂದು ನಾವಿಕ ಮೈಲು, ಅಂದರೆ ಸುಮಾರು 1.85 ಕಿ.ಮೀ. ಕಾಣಲು 0.9 ಕ್ಯಾಂಡೆಲಾ ಸಾಕು. ಎರಡು ನಾವಿಕ ಮೈಲಿಗೆ 4.3 ಕ್ಯಾಂಡೆಲಾ ಸಾಕು. ಒಂದು ಕ್ಯಾಂಡೆಲಾ ಎಂದರೆ ಸ್ಥೂಲವಾಗಿ ಒಂದು ಮೇಣದ ಬತ್ತಿಯ ಪ್ರಕಾಶ. ನಾಲ್ಕೈದು ಮೇಣದ ಬತ್ತಿಯಷ್ಟು ಬೆಳಕು ಮೂರೂವರೆ ಕಿ.ಮೀ. ಆಚೆಗೂ ಕಾಣುತ್ತದೆಂದಾಯಿತು. ಅಂಗಡಿಯ ಡಬ್ಬಿಯ ಮೇಲೆ ಬರೆಯುವ ಲ್ಯೂಮೆನ್ ಲೆಕ್ಕದಲ್ಲಿ, ಎಲ್ಲ ದಿಕ್ಕಿಗೂ ಸಮನಾಗಿ ಹರಡುವ 50-60 ಲ್ಯೂಮೆನ್ ದೀಪ ಇದಕ್ಕೆ ಸರಿಹೋಗುತ್ತದೆ. ಸಾವಿರ ಲ್ಯೂಮೆನ್ ಎಂದು ದಪ್ಪಕ್ಷರದಲ್ಲಿ ಬರೆದದ್ದಕ್ಕೆ ಹಣ ಸುರಿಯಬೇಕಾಗಿಲ್ಲ.

ಬೆಳಕು ಎಷ್ಟು ಎಂಬುದಕ್ಕಿಂತ ಅದು ಎಲ್ಲ ಕಡೆಗೂ ಕಾಣುತ್ತದೆಯೇ ಎಂಬುದು ಮುಖ್ಯ. ಟಾರ್ಚಿನ ಬೆಳಕು ಒಂದು ಕಡೆಗೆ ಮಾತ್ರ. ಎದೆಗೆ ಸಿಕ್ಕಿಸಿದ ದೀಪ ಹಿಂದಿನಿಂದ ಬರುವವನಿಗೆ ಕಾಣದು, ಬೆನ್ನಿಗೆ ಕಟ್ಟಿದ್ದು ಮುಂದಿನಿಂದ ಬರುವವನಿಗೆ ಕಾಣದು. ತಲೆಗೆ ಕಟ್ಟಿದ್ದು ನಾವು ತಲೆ ತಿರುಗಿಸಿದ ಕಡೆಗೆ ಮಾತ್ರ ಕಾಣುತ್ತದೆ. ದೋಣಿಯ ಒಳಗೆ ಹಲಗೆಯ ಮೇಲಿಟ್ಟ ಲಾಟೀನನ್ನು ದೋಣಿಯ ಅಂಚೂ ನಮ್ಮ ಮೈಯೂ ಅಡಿಕೆ ಮೂಟೆಯೂ ಮರೆಮಾಡುತ್ತವೆ. ಆದ್ದರಿಂದ ಸುತ್ತಲೂ ಬೆಳಕು ಬೀರುವ ಒಂದು ಬಿಳಿಯ ದೀಪವನ್ನು, ಕೂತವನ ತಲೆಗಿಂತ ಒಂದೆರಡು ಗೇಣು ಮೇಲಿರುವಂತೆ, ದೋಣಿಯ ಹಿಂಭಾಗದಲ್ಲಿ ಕಂಬದ ಮೇಲೆ ಕಟ್ಟಬೇಕು. ಜಲ್ಲೆ ಹಾಕುವವನು ನಿಂತುಕೊಂಡೇ ಇರುವನಾದ್ದರಿಂದ ಅಲ್ಲಿ ಕಂಬ ಇನ್ನೂ ಎತ್ತರ ಬೇಕು, ಅಥವಾ ಮುಂದೊಂದು ಹಿಂದೊಂದು ಎಂದು ಎರಡು ದೀಪ ಬೇಕು. ಅಂಗಡಿಯಲ್ಲಿ ಅಲ್ಯೂಮಿನಿಯಂ ಕಂಬ ಸಹಿತ ಸಿಗುವ ದೀಪಗಳಿವೆ. ಆದರೆ ಒಂದು ಒಳ್ಳೆಯ ಬಿದಿರಿನ ಕೋಲು ಅಥವಾ ಅಡಿಕೆ ದಬ್ಬೆ ಅದೇ ಕೆಲಸ ಮಾಡುತ್ತದೆ, ಮುರಿದರೆ ತೋಟದಲ್ಲೇ ಮತ್ತೊಂದು ಸಿಗುತ್ತದೆ.

ಇದರ ಜೊತೆಗೆ ಒಂದು ಸಣ್ಣ ಉಪಾಯವನ್ನು ತಪ್ಪದೆ ಮಾಡಿಕೊಳ್ಳಬೇಕು. ದೀಪದ ಅಡಿಗೆ ತಗಡಿನ ತಟ್ಟೆಯೊಂದನ್ನೋ ಅರ್ಧ ತೆಂಗಿನ ಗೆರಟೆಯನ್ನೋ ಸಿಕ್ಕಿಸಿದರೆ ಅದರ ನೆರಳು ದೋಣಿಯ ಮೇಲೆ ಬೀಳುತ್ತದೆ. ದೂರದವರಿಗೆ ದೀಪ ಎಂದಿನಂತೆ ಕಾಣುತ್ತದೆ. ಹುಟ್ಟು ಹಾಕುವವನ ಕಣ್ಣಿಗೆ, ಕೈಗೆ, ಎದುರಿನ ಒದ್ದೆ ಹಲಗೆಗೆ ಬೆಳಕು ತಾಗುವುದಿಲ್ಲ. ಇದೇಕೆ ಬೇಕೆಂಬುದನ್ನು ಕಣ್ಣಿನ ವಿಚಾರ ಬಂದಾಗ ಹೇಳುತ್ತೇನೆ.

ಮೇಲೆ ಹೇಳಿದ ನೌಕಾ ನಿಯಮಗಳು ಸಮುದ್ರಕ್ಕೂ ಸಮುದ್ರದ ಹಡಗು ಬರಬಹುದಾದ ಅಳಿವೆಗಳಿಗೂ ಅನ್ವಯಿಸುವಂಥವು. ಹಿನ್ನೀರಿಗೆ ಅವು ಬರುವುದಿಲ್ಲ. ಆದರೂ ಅವುಗಳ ತಿರುಳು ಎಲ್ಲ ನೀರಿಗೂ ಒಂದೇ. ಹುಟ್ಟಿನ ದೋಣಿಗೆ ಆ ನಿಯಮ ಕೇಳುವುದು ಬಹಳ ಕಡಿಮೆ: ಬಿಳಿಯ ಬೆಳಕಿನ ಟಾರ್ಚು ಅಥವಾ ಹೊತ್ತಿಸಿದ ಲಾಟೀನು ಕೈಗೆಟಕುವಂತಿರಬೇಕು, ಢಿಕ್ಕಿ ತಪ್ಪಿಸುವಷ್ಟು ಮುಂಚಿತವಾಗಿ ಅದನ್ನು ತೋರಿಸಬೇಕು. ಇದು ಕನಿಷ್ಠ. ಎರಡು ಕೈಯಲ್ಲೂ ಹುಟ್ಟು ಹಿಡಿದಿರುವವನು ಗಾಬರಿಯಲ್ಲಿ ಟಾರ್ಚು ತಡಕುವುದಕ್ಕಿಂತ ಕಂಬದ ದೀಪ ಹೆಚ್ಚು ನಂಬಿಕೆಯದು ಎಂಬುದು ನನ್ನ ಅಭಿಪ್ರಾಯ.

ಕೆಂಪು-ಹಸಿರು ದೀಪಗಳ ವಿಷಯ ಕೆಲವರು ಕೇಳುತ್ತಾರೆ. ಅವು ದೊಡ್ಡ ದೋಣಿಗಳಿಗೆ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಹುಟ್ಟಿನ ದೋಣಿಗೆ ಅವು ಕಡ್ಡಾಯವಲ್ಲ. ಅದಲುಬದಲಾಗಿ ಕಟ್ಟಿದರಂತೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಆದರೆ ಬೇರೆಯವರ ದೀಪವನ್ನು ಓದಲು ನಮಗೆ ಬರಬೇಕು. ಎದುರಿನ ದೋಣಿಯ ಕೆಂಪು ಮಾತ್ರ ಕಂಡರೆ ಅದು ನಮ್ಮ ಎಡಕ್ಕೆ ಹೋಗುತ್ತಿದೆ, ಹಸಿರು ಮಾತ್ರ ಕಂಡರೆ ಬಲಕ್ಕೆ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಮೇಲೆಯೇ ಬರುತ್ತಿದೆ. ಆಗ ಯೋಚಿಸುತ್ತ ಕೂರಬಾರದು. ಒಂದೇ ಬಿಳಿಯ ದೀಪವಾದರೆ ಅದು ನಮ್ಮಂಥ ಸಣ್ಣ ದೋಣಿಯಿರಬಹುದು, ಲಂಗರು ಹಾಕಿದ್ದಿರಬಹುದು ಅಥವಾ ನಮಗೆ ಬೆನ್ನು ಹಾಕಿ ಹೋಗುವಂಥದ್ದಿರಬಹುದು. ಯಾವ ದೀಪವೂ ಇಲ್ಲದೆ ಯಂತ್ರದ ಸದ್ದು ಮಾತ್ರ ಕೇಳುವುದೂ ಉಂಟು. ಆಗ ನಮ್ಮ ಟಾರ್ಚನ್ನು ಅವರ ಕಣ್ಣಿಗೆ ಬಿಡದೆ ನಮ್ಮ ದೋಣಿಯ ಮೈಮೇಲೆಯೋ ನಮ್ಮ ಬಿಳಿ ಅಂಗಿಯ ಮೇಲೆಯೋ ಬಿಟ್ಟುಕೊಳ್ಳಬೇಕು. ಬರೀ ಬೆಳಕಿನ ಚುಕ್ಕೆಗಿಂತ ಬೆಳಗಿದ ಮೈ ದೋಣಿಯೆಂದು ಬೇಗ ಅರ್ಥವಾಗುತ್ತದೆ.

ಮಿಣುಕುವ ದೀಪ ಬೇಡ. ಸೈಕಲ್ಲಿನ ಹಿಂದೆ ಹಾಕುವ ಕೆಂಪು ಮಿಣುಕು ದೀಪ ಅಗ್ಗವಾಗಿ ಸಿಗುತ್ತದೆಂದು ದೋಣಿಗೆ ಕಟ್ಟುವವರಿದ್ದಾರೆ. ಮಿಣುಕುವ ಬೆಳಕು ಕಣ್ಣನ್ನು ಬೇಗ ಸೆಳೆಯುತ್ತದೆಂಬುದು ದಿಟವೇ. ಆದರೆ ಅದು ಎಷ್ಟು ದೂರದಲ್ಲಿದೆ, ಯಾವ ಕಡೆಗೆ ಸಾಗುತ್ತಿದೆ ಎಂದು ಅಳೆಯುವುದು ಕಷ್ಟ. ಅಲ್ಲದೆ ಮಿಣುಕುವ ಬೆಳಕನ್ನು ಅಪಾಯದ ಕರೆಗೆ ಮೀಸಲಿಡುವುದು ಒಳ್ಳೆಯದು. ದಿನವೂ ಮಿಣುಕಿಸಿಕೊಂಡು ಹೋಗುವವನು ಮುಳುಗುವ ದಿನ ಮಿಣುಕಿಸಿದರೆ ಯಾರು ತಿರುಗಿ ನೋಡುತ್ತಾರೆ?

ಕತ್ತಲೆಗೆ ಹೊಂದಿದ ಕಣ್ಣು

ಇನ್ನು ದಾರಿ ಕಾಣುವ ವಿಚಾರ. ಮನುಷ್ಯನ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಕಣಗಳಿವೆ. ಒಂದು ಬಗೆಯವು ಹಗಲಿನ ಬೆಳಕಿಗೂ ಬಣ್ಣಕ್ಕೂ, ಇನ್ನೊಂದು ಬಗೆಯವು ಮಂದ ಬೆಳಕಿಗೆ. ದೀಪದ ಕೋಣೆಯಿಂದ ಹೊರಗೆ ಬಂದಾಗ ಮೊದಲು ಏನೂ ಕಾಣದು. ಮಂದ ಬೆಳಕಿನ ಕಣಗಳು ಪೂರ್ತಿ ಹದಕ್ಕೆ ಬರಲು 20ರಿಂದ 30 ನಿಮಿಷ ಬೇಕಾಗುತ್ತದೆ. ವಯಸ್ಸಾದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಹಾಗೆ ಹದವಾದ ಕಣ್ಣಿಗೆ ಬರೀ ನಕ್ಷತ್ರದ ಬೆಳಕಿನಲ್ಲಿ ಎದುರು ದಡದ ಕಾಡಿನ ಗೆರೆ, ನೀರಿನ ಹೊಳಪು, ನಡುವೆ ಎದ್ದು ನಿಂತ ಒಣಮರದ ಬೊಡ್ಡೆ ಎಲ್ಲವೂ ಗೋಚರಿಸುತ್ತವೆ. ಹಳೆಯ ಅಂಬಿಗರು ಕತ್ತಲೆಯಲ್ಲಿ ದಾಟುತ್ತಿದ್ದುದು ಮಂತ್ರದಿಂದಲ್ಲ, ಈ ಕಣ್ಣಿನಿಂದ.

ಅರ್ಧ ಗಂಟೆಯಲ್ಲಿ ಗಳಿಸಿದ ಈ ದೃಷ್ಟಿಯನ್ನು ಒಂದು ಬಿಳಿಯ ಟಾರ್ಚು ಕೆಲವೇ ಸೆಕೆಂಡುಗಳಲ್ಲಿ ಕಳೆಯುತ್ತದೆ. ಮತ್ತೆ ಮೊದಲಿನಿಂದ ಕಾಯಬೇಕು. ತಲೆಗೆ ಕಟ್ಟುವ ಪ್ರಖರವಾದ ದೀಪವನ್ನು ಹೊತ್ತಿಸಿಕೊಂಡು ಹುಟ್ಟು ಹಾಕುವವನು ಇಡೀ ದಾರಿ ಇದನ್ನೇ ಮಾಡುತ್ತಿರುತ್ತಾನೆ. ಅವನಿಗೆ ಕಾಣುವುದು ಎದುರಿನ ಹತ್ತಿಪ್ಪತ್ತು ಮೀಟರಿನ ಬಿಳಿಯ ಸುರಂಗ ಮಾತ್ರ. ಅದರಾಚೆ ದಡವೂ ಇಲ್ಲ, ಮರವೂ ಇಲ್ಲ, ದೀಪವಿಲ್ಲದೆ ಅಡ್ಡ ಬರುವ ದೋಣಿಯೂ ಇಲ್ಲ. ದೋಣಿಯಲ್ಲಿ ಜೊತೆಗೆ ಕೂತವನ ಕಡೆ ತಿರುಗಿ ಮಾತನಾಡಿದರೆ ಅವನ ಕಣ್ಣೂ ಹೋಯಿತು. ತೋಟದಲ್ಲಿ ರಾತ್ರಿ ಕೆಲಸಕ್ಕೆ, ಕಾಡುಕೋಣ ಬಂತೆಂದು ನೋಡುವುದಕ್ಕೆ ತಲೆದೀಪ ಬಹಳ ಒಳ್ಳೆಯದು. ದೋಣಿಯಲ್ಲಿ ಅದನ್ನು ಕೊರಳಿಗೆ ಇಳಿಸಿ ಆರಿಸಿಡುವುದು ವಾಸಿ.

ಮಂಜು ಬಿದ್ದಾಗ ತಲೆದೀಪ ಇನ್ನೂ ಕೆಟ್ಟದ್ದು. ಕೊಯ್ಲಿನ ತಿಂಗಳುಗಳಲ್ಲಿಯೇ ಹಿನ್ನೀರಿನ ಮೇಲೆ ಮಂಜು ಕವಿಯುವುದು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ಮಂಜಿನ ಹನಿಗಳಿಗೆ ತಾಗಿ ಅಷ್ಟೂ ನೇರವಾಗಿ ಕಣ್ಣಿಗೇ ಹಿಂದಿರುಗುತ್ತದೆ, ಎದುರಿಗೆ ಸುಣ್ಣದ ಗೋಡೆ ಎದ್ದಂತಾಗುತ್ತದೆ. ಟಾರ್ಚನ್ನು ಸೊಂಟದ ಕೆಳಗೆ, ಮೈಯಿಂದ ದೂರ, ನೀರಿನ ಮಟ್ಟಕ್ಕೆ ಹಿಡಿದರೆ ಸ್ವಲ್ಪ ಮೇಲು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆಂಬ ನಂಬಿಕೆ ಜೀಪಿನವರಿಂದ ದೋಣಿಯವರಿಗೂ ಬಂದಿದೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡದಾದುದರಿಂದ ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದರಿಸುತ್ತದೆ; ಹಳದಿಗೆ ವಿಶೇಷ ಶಕ್ತಿ ಇಲ್ಲ. ಹಳದಿ ಬೆಳಕಿಗೆ ಹುಳು ಮುತ್ತುವುದು ಕಡಿಮೆ ಎಂಬ ಲಾಭ ಮಾತ್ರ ಉಂಟು. ಮೊದಲ ಮಳೆಯ ಮಾರನೆಯ ರಾತ್ರಿ ಬಿಳಿಯ ದೀಪದಡಿ ಕೂತವರಿಗೆ ಅದೇನೂ ಸಣ್ಣ ಲಾಭವಲ್ಲ.

ದೋಣಿಯ ಒಳಗೆ ಹಗ್ಗ ಬಿಚ್ಚಲು, ನೀರು ಮೊಗೆಯಲು, ರೋಗಿಯನ್ನು ನೋಡಿಕೊಳ್ಳಲು ಬೆಳಕು ಬೇಕೇ ಬೇಕು. ಇದಕ್ಕೆ ಮಂದವಾದ ಕೆಂಪು ಬೆಳಕು ಒಳ್ಳೆಯದು, ಏಕೆಂದರೆ ಮಂದ ಬೆಳಕಿನ ಕಣಗಳಿಗೆ ಕೆಂಪು ಹೆಚ್ಚಾಗಿ ತಟ್ಟುವುದಿಲ್ಲ. ಕೆಲವು ಟಾರ್ಚುಗಳಲ್ಲಿ ಕೆಂಪು ಗುಂಡಿಯೇ ಇರುತ್ತದೆ. ಇಲ್ಲದಿದ್ದರೆ ಗಾಜಿಗೆ ಕೆಂಪು ಕಾಗದ ಕಟ್ಟಿದರಾಯಿತು. ಆದರೆ ಇದು ದೋಣಿಯ ಒಳಗೆ, ಅಂಚಿನ ಕೆಳಗೆ ಇರಬೇಕು. ಹೊರಗೆ ಕಂಡರೆ ಬೇರೆಯವರು ಅದನ್ನು ದೊಡ್ಡ ದೋಣಿಯ ಎಡಬದಿಯ ದೀಪವೆಂದು ತಿಳಿದಾರು.

ದೂರದ ವಸ್ತುವನ್ನು ಹುಡುಕಲು ಕೈ ಟಾರ್ಚೊಂದು ಇರಲೇಬೇಕು. ಬೇಕೆಂದಾಗ ಎರಡು ಕ್ಷಣ ಹೊತ್ತಿಸಿ ನೋಡಿ ಆರಿಸುವುದಕ್ಕೆ. ಆಗ ಒಂದು ಕಣ್ಣು ಮುಚ್ಚಿಕೊಂಡರೆ ಆ ಕಣ್ಣಿನ ಹದ ಉಳಿಯುತ್ತದೆ. ಹರಡಿದ ಬೆಳಕಿನದಕ್ಕಿಂತ ಕಿರಿದಾದ ಕೋಲಿನಂಥ ಬೆಳಕಿನದು ಇದಕ್ಕೆ ಉತ್ತಮ. ಡಬ್ಬಿಯ ಮೇಲೆ 200 ಮೀಟರು ಎಂದು ಬರೆದಿದ್ದರೆ ಅದರ ಅರ್ಥವನ್ನು ತಿಳಿದಿರಬೇಕು. ಟಾರ್ಚು ತಯಾರಕರು ಸಾಮಾನ್ಯವಾಗಿ ಅನುಸರಿಸುವ ಅಮೆರಿಕದ ಮಾನದಂಡದ ಪ್ರಕಾರ, ಬೆಳಕು ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಅಂದರೆ ಕಾಲು ಲಕ್ಸಿಗೆ ಇಳಿಯುವ ದೂರವೇ ಆ 200 ಮೀಟರು. ಅಷ್ಟು ದೂರದಲ್ಲಿ ಬೊಡ್ಡೆಯೂ ಕಾಣದು, ಬಂಡೆಯೂ ಕಾಣದು. ಅರ್ಧವನ್ನೋ ಇನ್ನೂ ಕಡಿಮೆಯನ್ನೋ ನಂಬಬಹುದು. ಹಾಗೆಯೇ 'ಹತ್ತು ಗಂಟೆ ಉರಿಯುತ್ತದೆ' ಎಂಬುದರ ಅರ್ಥ, ಮೊದಲಿನ ಬೆಳಕಿನ ಹತ್ತನೆಯ ಒಂದು ಪಾಲಿಗೆ ಇಳಿಯಲು ಹತ್ತು ಗಂಟೆ ಎಂದು.

ದಡದ ಮೇಲಿನ ಎರಡು ದೀಪ

ಎಷ್ಟೇ ಒಳ್ಳೆಯ ಟಾರ್ಚಾದರೂ ನೀರಿನ ಅಡಿಗೆ ಒಂದು ಗೇಣು ಮುಳುಗಿರುವ ಬೊಡ್ಡೆಯನ್ನು ದೂರದಿಂದ ತೋರಿಸಲಾರದು. ಓರೆಯಾಗಿ ಬಿದ್ದ ಬೆಳಕು ನೀರಿನ ಮೈಯಿಂದ ಜಾರಿ ಮುಂದೆ ಹೋಗಿಬಿಡುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಈಗಲೂ ನಿಂತಿವೆ. ನೀರು ಪೂರ್ಣ ಮಟ್ಟವಾದ 1819 ಅಡಿಯ ಹತ್ತಿರವಿರುವಾಗ ಅವು ಆಳದಲ್ಲಿದ್ದು ತೊಂದರೆ ಕೊಡುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಒಂದೊಂದಾಗಿ ಮೇಲಕ್ಕೆ ಬರುತ್ತವೆ. ಮೇಲೆ ಬಂದದ್ದು ಕಾಣುತ್ತದೆ; ಬರಲು ಸ್ವಲ್ಪ ಬಾಕಿ ಇರುವುದೇ ದೋಣಿ ಮಗುಚುವುದು. ಇದಕ್ಕೆ ದೋಣಿಯ ದೀಪದಲ್ಲಿ ಪರಿಹಾರವಿಲ್ಲ, ದಡದ ದೀಪದಲ್ಲಿ ಉಂಟು.

ಬಂದರುಗಳಿಗೆ ಹಡಗು ಬರುವಾಗ ಆಳವಾದ ದಾರಿ ತೋರಿಸಲು ಎರಡು ದೀಪಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿರುತ್ತಾರೆ. ಅದನ್ನೇ ನಮ್ಮ ಕಡವಿನಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿಕೊಳ್ಳಬಹುದು. ಹಗಲು ಹೊತ್ತಿನಲ್ಲಿ ದೋಣಿ ಬಿಟ್ಟು, ಜಲ್ಲೆಯಿಂದ ತಳ ಮುಟ್ಟಿ ನೋಡುತ್ತ, ಬೊಡ್ಡೆಯಿಲ್ಲದ ನೇರವಾದ ಒಂದು ಸಾಲನ್ನು ಗುರುತಿಸಬೇಕು. ಆ ಸಾಲು ದಡ ಸೇರುವಲ್ಲಿ ನೀರಂಚಿಗೆ ಆಳೆತ್ತರದ ಗೂಟ ನೆಟ್ಟು ಒಂದು ದೀಪ. ಅದೇ ಸಾಲಿನ ನೇರಕ್ಕೆ ದಿಣ್ಣೆಯ ಮೇಲೆ, ನಲವತ್ತು ಐವತ್ತು ಮೀಟರು ಹಿಂದೆ, ಇನ್ನೂ ಎತ್ತರದಲ್ಲಿ ಮತ್ತೊಂದು ದೀಪ. ಎರಡು ದೀಪಗಳ ನಡುವೆ ಅಂತರ ಹೆಚ್ಚಿದಷ್ಟೂ ಸಾಲು ನಿಖರವಾಗುತ್ತದೆ.

ನೀರಿನ ಮೇಲಿಂದ ನೋಡುವಾಗ ಎರಡು ದೀಪಗಳು ಒಂದರ ಮೇಲೊಂದು ನೇರವಾಗಿ ಕಂಡರೆ ದೋಣಿ ಸಾಲಿನಲ್ಲಿಯೇ ಇದೆ. ಮೇಲಿನ ದೀಪ ಕೆಳಗಿನದರ ಬಲಕ್ಕೆ ಸರಿದು ಕಂಡರೆ ದೋಣಿಯೂ ಬಲಕ್ಕೆ ಸರಿದಿದೆ, ಎಡಕ್ಕೆ ತಿರುಗಿಸಬೇಕು. ಎಡಕ್ಕೆ ಸರಿದು ಕಂಡರೆ ಬಲಕ್ಕೆ ತಿರುಗಿಸಬೇಕು. ಕೆಳಗಿನ ದೀಪ ಯಾವ ಮಗ್ಗುಲಿಗಿದೆಯೋ ಆ ಮಗ್ಗುಲಿಗೆ ತಿರುಗಿಸು ಎಂದಿಷ್ಟೇ ನೆನಪಿಟ್ಟರೆ ಸಾಕು, ಹುಡುಗರಿಗೂ ಬರುತ್ತದೆ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದರೆ ಅದು ಹತ್ತು ಹುಟ್ಟು ಹಾಕುವುದರೊಳಗೆ ತಿಳಿಯುತ್ತದೆ. ಒಂದೇ ದೀಪವಿದ್ದಾಗ ನಾವು ಅದರ ಕಡೆಗೇ ಮೂತಿ ಮಾಡಿಕೊಂಡಿದ್ದರೂ ಬಿಲ್ಲಿನಂತೆ ಬಾಗಿ ಬೊಡ್ಡೆಗಳ ನಡುವೆ ಸೇರಿಬಿಡಬಹುದು, ಗೊತ್ತೂ ಆಗದು.

ಸಾಲು ಹಿಡಿದ ಮಾತ್ರಕ್ಕೆ ವರ್ಷವಿಡೀ ನಿಶ್ಚಿಂತೆಯಲ್ಲ. ನೀರು ಇಳಿದಂತೆ ದಡ ಕೆಳಕ್ಕೆ ಸರಿಯುತ್ತದೆ; ಕೆಳಗಿನ ಗೂಟವನ್ನು ಅದೇ ನೇರದಲ್ಲಿ ಮುಂದಕ್ಕೆ ಒಯ್ಯುತ್ತಿರಬೇಕು, ಸಾಲಿನಲ್ಲಿ ಹೊಸ ಬೊಡ್ಡೆ ಹತ್ತಿರ ಬಂದಿದೆಯೇ ಎಂದು ಹಗಲು ನೋಡುತ್ತಿರಬೇಕು. ದೀಪಗಳಿಗೆ ಅಂಗಳದಲ್ಲಿ ಬಳಸುವ ಸಣ್ಣ ಸೌರದೀಪಗಳಾದರೂ ಆಗುತ್ತದೆ, ಆದರೆ ಮಳೆಗಾಲದ ಮೋಡದಲ್ಲಿ ಅವು ಮಧ್ಯರಾತ್ರಿಗೇ ಆರುತ್ತವೆ. ಮನೆಯಿಂದ ತಂತಿ ಎಳೆಯುವ ಆಸೆ ಬೇಡ. ನೀರಂಚಿಗೆ ಕರೆಂಟು ಒಯ್ಯುವುದು ಒಂದು ಅಪಾಯ ಕಳೆದು ಇನ್ನೊಂದನ್ನು ತಂದುಕೊಂಡಂತೆ. ಒಂದು ಕಡವನ್ನು ಬಳಸುವ ನಾಲ್ಕೈದು ಮನೆಯವರು ಕೂಡಿದರೆ ಖರ್ಚು ಯಾರಿಗೂ ಭಾರವಾಗದು. ಯಾರ ಮನೆಯವರು ಯಾವ ವಾರ ದೀಪ ನೋಡಿಕೊಳ್ಳಬೇಕೆಂಬ ಏರ್ಪಾಡು ಮಾತ್ರ ಖರ್ಚಿಗಿಂತ ಕಷ್ಟ.

ಮೈಮೇಲಿನ ದೀಪ

ದೋಣಿ ಮಗುಚಿದ ಮೇಲೆ ಕಂಬದ ದೀಪ ನೀರಿನಡಿಗೆ ಹೋಗುತ್ತದೆ, ಕೈಯ ಟಾರ್ಚು ಕೈಬಿಡುತ್ತದೆ. ಆಗ ಉಳಿಯುವುದು ಮೈಗೆ ಕಟ್ಟಿಕೊಂಡದ್ದು ಮಾತ್ರ. ದೀಪಕ್ಕಿಂತ ಮೊದಲು ತೇಲುವ ಜಾಕೆಟ್ಟು ಬೇಕು. ಅದಿಲ್ಲದೆ ಈ ಲೇಖನದ ಬಾಕಿ ಎಲ್ಲವೂ ವ್ಯರ್ಥ. ಎರಡಕ್ಕೂ ಹಣ ಸಾಲದಿದ್ದರೆ ಜಾಕೆಟ್ಟು ಕೊಳ್ಳಿ, ಹಳೆಯ ಲಾಟೀನನ್ನೇ ಕಂಬಕ್ಕೆ ಕಟ್ಟಿ.

ಹಡಗುಗಳ ಜಾಕೆಟ್ಟಿಗೆ ಇರಬೇಕಾದ ದೀಪಕ್ಕೆ ಅಂತರರಾಷ್ಟ್ರೀಯ ನಿಯಮ ವಿಧಿಸಿರುವುದು 0.75 ಕ್ಯಾಂಡೆಲಾ, ಎಂಟು ಗಂಟೆಗಳ ಕಾಲ. ಒಂದು ಮೇಣದ ಬತ್ತಿಗಿಂತಲೂ ಕಡಿಮೆ ಬೆಳಕು, ಆದರೆ ರಾತ್ರಿ ಕಳೆಯುವ ತನಕ. ನೀರಿಗೆ ಬಿದ್ದವನಿಗೆ ಬೇಕಾದದ್ದು ಪ್ರಖರತೆಯಲ್ಲ, ಬಾಳಿಕೆ. ನೀರು ತಾಗಿದೊಡನೆ ತಾನಾಗಿ ಹೊತ್ತುವ ದೀಪಗಳು ಸಿಗುತ್ತವೆ; ಪ್ರಜ್ಞೆ ತಪ್ಪಿದವನಿಗೂ ಅವು ಆಗಿಬರುತ್ತವೆ. ಅಂಥದು ಸಿಗದಿದ್ದರೆ ನೀರು ನುಗ್ಗದ ಒಂದು ಸಣ್ಣ ಟಾರ್ಚನ್ನು ಜಾಕೆಟ್ಟಿನ ಭುಜದ ಮೇಲೆ, ತೇಲುವಾಗ ನೀರಿನಿಂದ ಮೇಲಿರುವ ಜಾಗದಲ್ಲಿ, ದಾರ ಹಾಕಿ ಕಟ್ಟಬೇಕು. ಸೊಂಟಕ್ಕೆ ಕಟ್ಟಿದ್ದು ಮೀನಿಗೆ ಮಾತ್ರ ಕಾಣುತ್ತದೆ. ಮಿಣುಕುವ ದೀಪ ನಿಜವಾಗಿ ಸಲ್ಲುವುದು ಇಲ್ಲಿಯೇ.

ಬೆಳಕು ಬಿದ್ದಾಗ ಹೊಳೆಯುವ ಪಟ್ಟಿಯನ್ನು ಜಾಕೆಟ್ಟಿನ ಭುಜಕ್ಕೆ, ಹುಟ್ಟಿನ ಎಲೆಗೆ, ದೋಣಿಯ ಎರಡು ಮಗ್ಗುಲಿಗೆ ಅಂಟಿಸಿದರೆ ಬಹಳ ಉಪಯೋಗ. ಅದಕ್ಕೆ ಸೆಲ್ಲೂ ಬೇಡ, ಗುಂಡಿಯೂ ಬೇಡ. ಮಗುಚಿದ ದೋಣಿಯ ಹೊಟ್ಟೆಯೇ ಮೇಲಾಗಿರುತ್ತದೆ ಎಂಬುದನ್ನು ನೆನೆದು ಅಲ್ಲಿಯೂ ಒಂದು ತುಂಡು ಅಂಟಿಸಬೇಕು. ಆದರೆ ಹುಡುಕುವವನ ಟಾರ್ಚು ಅದರ ಮೇಲೆ ಬಿದ್ದರೆ ಮಾತ್ರ ಅದು ಹೊಳೆಯುವುದಾದ್ದರಿಂದ, ದೀಪಕ್ಕೆ ಬದಲು ಅದನ್ನು ಎಣಿಸಬಾರದು. ಜಾಕೆಟ್ಟಿಗೊಂದು ಪ್ಲಾಸ್ಟಿಕ್ ಸೀಟಿ ಇರಲಿ. ಮೊಬೈಲಿನ ದೀಪವನ್ನು ಲೆಕ್ಕಕ್ಕೇ ಹಿಡಿಯಬೇಡಿ: ಒದ್ದೆ ಬೆರಳಿಗೆ ಅದರ ಗಾಜು ಸರಿಯಾಗಿ ಓಗೊಡದು, ಕೈ ಜಾರಿದರೆ ನೇರ ತಳಕ್ಕೆ. ಅದು ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿದ್ದು, ದಡ ಸೇರಿದ ಮೇಲೆ ಆಂಬ್ಯುಲೆನ್ಸಿಗೆ ಫೋನು ಮಾಡಲು ಉಳಿಯಲಿ.

ನೀರು ಮತ್ತು ಸೆಲ್ಲು

'ವಾಟರ್‌ಪ್ರೂಫ್' ಎಂಬ ಮಾತನ್ನು ನಂಬದೆ ಐಪಿ ಎಂಬ ಅಕ್ಷರಗಳ ಮುಂದಿನ ಅಂಕಿಗಳನ್ನು ನೋಡಬೇಕು. ಎರಡು ಅಂಕಿಗಳಲ್ಲಿ ಎರಡನೆಯದು ನೀರಿಗೆ ಸಂಬಂಧಿಸಿದ್ದು. 4 ಎಂದಿದ್ದರೆ ಎರಚಲು ತಡೆಯುತ್ತದೆ, ಅಷ್ಟೆ. ಮಳೆಯಲ್ಲಿ ಗದ್ದೆಗೆ ಹೋಗಲು ಸಾಕು. 7 ಎಂದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ದೋಣಿಗೆ 7ಕ್ಕಿಂತ ಕಡಿಮೆಯದು ಬೇಡ. ಕೊಂಡು ತಂದ ದಿನವೇ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ನೋಡಿ. ಒಳಗೆ ಹನಿ ಕಂಡರೆ ಅಂಗಡಿಗೆ ಹಿಂದಿರುಗಿಸಲು ಇನ್ನೂ ಕಾಲ ಮೀರಿರುವುದಿಲ್ಲ. ಮುಚ್ಚಳದ ರಬ್ಬರ್ ಬಳೆಗೆ ಗಾಡಿಯ ಗ್ರೀಸು, ಎಣ್ಣೆ ಹಚ್ಚಿದರೆ ಕೆಲವು ಬಗೆಯ ರಬ್ಬರು ಉಬ್ಬಿ ಕೆಡುತ್ತದೆ. ಸಿಲಿಕಾನ್ ಗ್ರೀಸನ್ನೇ ಬಳಸಬೇಕು. ಟಾರ್ಚಿಗೆ ಥರ್ಮೋಕೋಲಿನ ತುಂಡೊಂದನ್ನು ಬಿಗಿದರೆ ಕೈತಪ್ಪಿದರೂ ತೇಲುತ್ತದೆ.

ಚಾರ್ಜು ಮಾಡುವ ಲಿಥಿಯಂ ಸೆಲ್ಲು ಹಗುರ, ಬೆಳಕೂ ಸ್ಥಿರ. ಆದರೆ ಅದರ ಶಕ್ತಿ ಮುಗಿದಾಗ ಮುನ್ಸೂಚನೆ ಕೊಡದೆ ತಟ್ಟನೆ ಆರುವ ಟಾರ್ಚುಗಳೇ ಹೆಚ್ಚು. ಸಾದಾ ಸೆಲ್ಲು ಮಂಕಾಗುತ್ತ ಹೋಗಿ, ದಡ ಸೇರಿಕೋ ಎಂದು ಎಚ್ಚರಿಸುತ್ತದೆ. ಜೊತೆಗೆ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಚಾರ್ಜಿನ ಟಾರ್ಚು ಗೋಡೆಯ ಮೇಲಿನ ಚಿತ್ರದಂತೆ. ಹಾಗಾಗಿ ಕಂಬದ ದೀಪವೋ ಕೈ ಟಾರ್ಚೋ, ಎರಡರಲ್ಲಿ ಒಂದಾದರೂ ಅಂಗಡಿಯ ಸಾದಾ ಸೆಲ್ಲು ಹಾಕುವಂಥದ್ದಿರಲಿ. ಸಾದಾ ಸೆಲ್ಲಿನಲ್ಲಿಯೂ ಕ್ಷಾರದ ಸೆಲ್ಲು ಹೆಚ್ಚು ಕಾಲ ಬರುತ್ತದೆ. ಬಳಸದ ತಿಂಗಳುಗಳಲ್ಲಿ ಸೆಲ್ಲು ತೆಗೆದಿಡಬೇಕು, ಇಲ್ಲವಾದರೆ ರಸ ಸೋರಿ ತಗಡು ತಿನ್ನುತ್ತದೆ. ಇನ್ನೊಂದು ಮಾತು ನಮ್ಮವರಿಗಾಗಿಯೇ: ಬೋರ್ಡೋ ಸಿಂಪಡಣೆಯ ಸಾಮಾನಿನ ಕೊಟ್ಟಿಗೆಯಲ್ಲಿ ಟಾರ್ಚು ತೂಗುಹಾಕುವ ಅಭ್ಯಾಸ ಹಲವರಿಗಿದೆ. ಮೈಲುತುತ್ತದ ಪುಡಿ ತೇವದ ಜೊತೆ ಸೇರಿ ಅಲ್ಯೂಮಿನಿಯಂ ಮೈಯನ್ನು ತಿಂದುಹಾಕುತ್ತದೆ. ಟಾರ್ಚಿಗೆ ಮನೆಯ ಒಳಗೆ, ಬಾಗಿಲ ಹಿಂದೆ, ಕತ್ತಲೆಯಲ್ಲಿಯೂ ಕೈಗೆ ಸಿಗುವ ಒಂದು ಮೊಳೆ ಹೊಡೆಯಿರಿ.

ಎಲ್ಲ ಕಟ್ಟಿ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ ಉಂಟು. ಚಂದ್ರನಿಲ್ಲದ, ಗಾಳಿಯಿಲ್ಲದ ಒಂದು ಸಂಜೆ, ಈಜು ಬಲ್ಲ ಇಬ್ಬರು ಜಾಕೆಟ್ಟು ತೊಟ್ಟು, ಎಂದಿನ ಹೊರೆಯಷ್ಟೇ ತೂಕ ಹಾಕಿಕೊಂಡು, ದಡದ ಗುಂಟ ಅರ್ಧ ಕಿ.ಮೀ. ದೋಣಿ ಒಯ್ಯಲಿ. ಅಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಲಿ. ಮನೆಯವರು ದಡದಲ್ಲಿ ನಿಂತು ದೀಪ ಎಷ್ಟು ಸಲ ಮರೆಯಾಯಿತೆಂದು ಎಣಿಸಲಿ. ಒಂದು ಸಲ ಮರೆಯಾದರೂ, ಯಾವ ದಿಕ್ಕಿಗೆ ತಿರುಗಿದಾಗ, ಯಾರ ಮೈ ಅಡ್ಡ ಬಂದು ಹಾಗಾಯಿತೆಂದು ಕೇಳಿ ತಿಳಿದು, ಕಂಬವನ್ನು ಎತ್ತರಿಸಿ ಮತ್ತೆ ನೋಡಬೇಕು.